ಹಿತ್ತಲ ಹಂದರಕ್ಕೂ ಲೈಸೆನ್ಸು

ಹಿತ್ತಲಲ್ಲಿ ನಾಲ್ಕು ಕಂಬ ನೆಟ್ಟು ಮೇಲೆ ಒಂದಿಷ್ಟು ಹುಲ್ಲು ಹೊದಿಸೋದಕ್ಕೆ ಮುನಿಸಿಪಾಲಿಟಿಯ ಅಪ್ಪಣೆ ಬೇಕು ಅಂತ ಬಳ್ಳಾರಿಯಲ್ಲಿ ಯಾರಿಗಾದರೂ ಹೇಳಿ ನೋಡಿ, ನಕ್ಕುಬಿಡುತ್ತಾರೆ. ನಾನೂ ನಕ್ಕಿದ್ದೆ. ಬೇಸಿಗೆ ಬಂತೆಂದರೆ ಊರಿನ ಅರ್ಧ ಹಿತ್ತಲುಗಳಲ್ಲಿ ಹಂದರ ಏಳುತ್ತದೆ. ಅದರ ಕೆಳಗೆ ಮಂಚ ಹಾಕುತ್ತಾರೆ, ಪಾತ್ರೆ ತಿಕ್ಕುತ್ತಾರೆ, ಕೂಸುಗಳನ್ನು ಮಲಗಿಸುತ್ತಾರೆ. ಅದಕ್ಕೆ ಅರ್ಜಿ ಹಾಕಿದವನನ್ನು ನಾನಂತೂ ಕಂಡಿಲ್ಲ. ನನ್ನ ಹಂದರದ ಕೆಳಗೆ ಮಾತ್ರ ಆರು ಹೊಲಿಗೆ ಮಿಷನ್ನುಗಳಿದ್ದವು. ವ್ಯತ್ಯಾಸ ಅಷ್ಟೇ.

ಹಿಂದಿನ ಮಹಾಯುದ್ಧದ ಕಾಲ ಅದು. ಈಗ ನಮ್ಮೂರಲ್ಲಿ ಇಬ್ಬರು ಸೇರಿದರೆ ಬಳ್ಳಾರಿ ಯಾವ ರಾಜ್ಯಕ್ಕೆ ಹೋಗುತ್ತದೆ ಅನ್ನೋದೇ ಮಾತು. ಆಗ ಇಬ್ಬರು ಸೇರಿದರೆ ಬಟ್ಟೆ ಎಲ್ಲಿ ಸಿಗುತ್ತದೆ ಅನ್ನೋದೇ ಮಾತು. ಸೀರೆಗೆ, ಪಂಚೆಗೆ ಎಲ್ಲಕ್ಕೂ ಬರ. ಖಾಕಿಗೆ ಮಾತ್ರ ಬರವಿರಲಿಲ್ಲ. ಮದ್ರಾಸಿನ ಒಬ್ಬ ಗುತ್ತಿಗೆದಾರನಿಂದ ನನಗೆ ಸೈನಿಕರ ಅಂಗಿ, ಚಡ್ಡಿ ಹೊಲಿಯುವ ಕೆಲಸ ಸಿಕ್ಕಿತ್ತು. ಥಾನುಗಟ್ಟಲೆ ಖಾಕಿ ರೈಲಿನಲ್ಲಿ ಬಂತು, ಬಾಡಿಗೆ ಮಿಷನ್ನುಗಳೂ ಅವನವೇ ಬಂದವು. ಜೊತೆಗೆ ಅವನ ಏಜೆಂಟು ಎರಡು ಷರತ್ತು ತಂದ. ಹುಣ್ಣಿಮೆ ಕಳೆದ ಮೊದಲ ಸೋಮವಾರ ಮಾಲು ಲಾರಿ ಹತ್ತಬೇಕು. ಬಟ್ಟೆ ಬೀದಿಯ ಕಣ್ಣಿಗೆ ಬೀಳಬಾರದು. ಎರಡರಲ್ಲಿ ಒಂದು ತಪ್ಪಿದರೂ ಅದೇ ಲಾರಿಯಲ್ಲಿ ಬಟ್ಟೆಯ ಜೊತೆ ಮಿಷನ್ನುಗಳೂ ಬೇರೆ ಊರಿಗೆ ಹೋಗುತ್ತವೆ ಅಂದ. ಆರು ಮಿಷನ್ನು ಅಂದರೆ ಆರು ಮನೆಗಳ ಒಲೆ. ನನ್ನದು ಏಳನೆಯದು.

ಹಾಗಾಗಿ ಬೀದಿಯ ಕಟ್ಟೆ ಮೇಲೆ ಕೂತು ಹೊಲಿಯುವಂತಿಲ್ಲ. ಒಳಗೆ ಕೂರೋಣ ಅಂದರೆ ನಮ್ಮದು ಮಣ್ಣಿನ ಮಾಳಿಗೆ ಮನೆ, ಗೋಡೆ ಮೊಳಕ್ಕಿಂತ ದಪ್ಪ, ಬೆಳಕು ಬರೋದು ಸೂರಿನ ಬೆಳಕಿಂಡಿಯಿಂದ ಒಂದು ತಟ್ಟೆಯಗಲ. ಸೀಮೆಎಣ್ಣೆ ರೇಷನ್ನು. ಖಾಕಿ ಬಟ್ಟೆ ಮೇಲೆ ಖಾಕಿ ದಾರ ಕತ್ತಲಲ್ಲಿ ಕಾಣೋದೇ ಇಲ್ಲ. ಸೈನ್ಯದ ಮಾಲಿಗೆ ಅಂಗುಲಕ್ಕೆ ಇಷ್ಟು ಹೊಲಿಗೆ ಅಂತ ಲೆಕ್ಕವಿದೆ; ಏಜೆಂಟು ಭೂತಗಾಜು ಹಿಡಿದು ಎಣಿಸುತ್ತಾನೆ. ಇನ್ನು ಹಿತ್ತಲಲ್ಲಿ ಬಯಲಿಗೆ ಕೂರೋಣ ಅಂದರೆ ಬಳ್ಳಾರಿಯ ಬಿಸಿಲು. ಒಂದು ದಿನ ಕೂತು ನೋಡಿದೆವು. ಮಧ್ಯಾಹ್ನಕ್ಕೆ ಮಿಷನ್ನಿನ ಗಾಲಿ ಮುಟ್ಟಲಾಗಲಿಲ್ಲ, ಒಬ್ಬ ಟೇಲರು ಚಡ್ಡಿಯ ಮೇಲೇ ತಲೆಯಿಟ್ಟು ಬಿದ್ದ.

ಆದ್ದರಿಂದ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಸಿರುಗುಪ್ಪದಿಂದ ಒಂದು ಗಾಡಿ ಭತ್ತದ ಹುಲ್ಲು ತರಿಸಿ, ಬಿದಿರು ಗಳದ ಒಂದು ತುದಿ ಕಂಬಕ್ಕೆ ಕಟ್ಟಿ, ಇನ್ನೊಂದು ತುದಿ ಪಕ್ಕದ ಮನೆಯ ಗೋಡೆಯ ಮೇಲಿಟ್ಟು ಹೊದಿಸಿದೆ. ಊರಲ್ಲಿ ಹಂದರ ಕಟ್ಟೋದೇ ಹಾಗೆ. ಗೋಡೆ ಇರುವಾಗ ಇನ್ನೆರಡು ಕಂಬ ಯಾಕೆ?

ನಾಲ್ಕನೆಯ ದಿನ ಮುನಿಸಿಪಾಲಿಟಿಯ ಓವರ್ಸಿಯರ್ ಬಂದರು. ತೆಳ್ಳಗಿನ ಮನುಷ್ಯ, ಜೇಬಿನಲ್ಲಿ ಟೇಪು, ಮಾತು ಕಡಿಮೆ. ಹುಲ್ಲು ನೋಡಿದರು, ಗೋಡೆ ನೋಡಿದರು, ಕೆಳಗೆ ಗುಡ್ಡೆ ಬಿದ್ದ ಬಟ್ಟೆ ನೋಡಿದರು. ಹಿಂದಿನ ಬೇಸಿಗೆಯಲ್ಲಿ ಒಂದು ಓಣಿಯೇ ಹುಲ್ಲಿನ ಚಪ್ಪರದಿಂದ ಸುಟ್ಟುಹೋಗಿತ್ತು, ಆಮೇಲೆ ಒಣಹುಲ್ಲು, ಚಾಪೆ, ತಟ್ಟಿ ಯಾವುದನ್ನೂ ಸೂರಿಗೆ ಹಾಕಬಾರದು ಅಂತ ನಿಯಮ ಬಿಗಿಯಾಗಿತ್ತು. ಇಲ್ಲಿ ಬೆಂಕಿ ಬಿದ್ದರೆ ಕೆಳಗಿನ ಬಟ್ಟೆಗೆ ಹತ್ತಿ, ಗಳದ ದಾರಿಯಲ್ಲೇ ಪಕ್ಕದ ಮನೆಗೆ ಹೋಗುತ್ತದೆ ಅಂದರು. ಅವರು ಹೇಳಿದ್ದು ತಪ್ಪೇನಲ್ಲ. ಅವರು ನಿಂತಿರುವಾಗಲೇ ಹುಲ್ಲು ಇಳಿಸಿದೆವು.

ಸರಿ, ಕ್ರಮವಾಗಿ ಏನು ಬೇಕು ಅಂತ ಕೇಳಿದೆ. ಹೇಳಿದರು. ಲೈಸೆನ್ಸು ಇರುವ ಪ್ಲಾನ್ ಬರೆಯುವವರಿಂದ ನಕ್ಷೆ. ಅದರಲ್ಲಿ ಹಿತ್ತಲಿನ ಉದ್ದಗಲ, ನಾಲ್ಕೂ ಕಡೆಯ ಗೋಡೆಗಳಿಂದ ದೂರ, ಎತ್ತರ, ಮೇಲೆ ಏನು ಹೊದಿಸುತ್ತೀರಿ ಅನ್ನೋದು. ನಕ್ಷೆ ಕಮಿಟಿಯ ಮುಂದೆ ಹೋಗುತ್ತದೆ, ಕಮಿಟಿ ತಿಂಗಳಿಗೊಮ್ಮೆ ಕೂರುತ್ತದೆ. ಪಾಸಾಗುವ ತನಕ ಸೂರು ಹಾಕುವ ಹಾಗಿಲ್ಲ.

ನಕ್ಷೆ ಬರೆಸಿದೆ. ಬಾವಿ ತೋರಿಸಿಲ್ಲ ಅಂತ ವಾಪಸು ಬಂತು. ಬಾವಿ ಹಾಕಿಸಿ ಕೊಟ್ಟೆ. ಸೂರಿನ ಮಳೆನೀರು ಎಲ್ಲಿಗೆ ಹೋಗುತ್ತದೆ ತೋರಿಸಿಲ್ಲ ಅಂತ ಮತ್ತೆ ವಾಪಸು. ಬಳ್ಳಾರಿಯಲ್ಲಿ ಮಳೆ ಮೊದಲು ಬರಲಿ ಸ್ವಾಮಿ, ಹೋಗುವ ದಾರಿ ಆಮೇಲೆ ನೋಡೋಣ ಅಂದೆ. ಓವರ್ಸಿಯರ್ ನಗಲಿಲ್ಲ. ಗಟಾರದ ಗೆರೆ ಎಳೆಸಿ ಮೂರನೇ ಸಲ ಕೊಟ್ಟೆ.

ಇನ್ನು ಹೊದಿಸೋದು ಏನು? ಜಿಂಕ್ ತಗಡಿಗೆ ಕಂಟ್ರೋಲು, ಪರ್ಮಿಟ್ಟು ಇಲ್ಲದೆ ಒಂದು ಹಾಳೆಯೂ ಸಿಗದು. ಮಂಗಳೂರು ಹಂಚು ತರಲು ರೈಲಿನಲ್ಲಿ ವ್ಯಾಗನ್ನಿಲ್ಲ. ಕಂಟ್ರೋಲಿಲ್ಲದ್ದು ಅಂತ ಉಳಿದಿದ್ದು ಕಲ್ಲು ಒಂದೇ. ಕುರುಗೋಡಿಗೆ ಹೋದೆ. ಆಗಿನ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು, ಹಿಂದೆ ಒಲೆಯಂಥ ಡ್ರಮ್ಮು. ಏರು ಬಂದಲ್ಲೆಲ್ಲ ಇಳಿದು ನೂಕಿದೆವು. ಟಿಕೆಟ್ಟು ಕೊಟ್ಟು ನಡೆದುಕೊಂಡು ಹೋದ ಹಾಗಾಯಿತು.

ಗುಡ್ಡದ ಬುಡದಲ್ಲಿ ಕಲ್ಲಿನವನು ಬೆಣೆ ಹೊಡೆದು ಬಂಡೆ ಸೀಳುತ್ತಿದ್ದ. ಆರು ಕಂಬ, ಅವುಗಳ ತಲೆ ಮೇಲೆ ಎರಡು ತೊಲೆ, ಅದರ ಮೇಲೆ ಚಪ್ಪಡಿ ಅಂತ ಹೇಳಿದೆ. ಮುನಿಸಿಪಾಲಿಟಿ ಅಪ್ಪಣೆ ಆಗಿದೆಯಾ ಅಂತ ಕೇಳಿದ. ಇನ್ನೂ ಇಲ್ಲ ಅಂದೆ.

“ಹಂಗಾದ್ರ ಕಂಬ, ತೊಲಿ ಒಯ್ಯಿರಿ. ಚಪ್ಪಡಿ ಇಲ್ಲೇ ಇರ್ಲಿ” ಅಂದ. “ಕಂಬಕ್ಕ ಯಾರೂ ಏನೂ ಕೇಳಾಂಗಿಲ್ರಿ. ತಲಿ ಮ್ಯಾಲೆ ಏನರ ಇಟ್ರ ಕೇಳ್ತಾರ.”

ಅವನ ಮಾತು ನಿಜವೇ ಅಂತ ಓವರ್ಸಿಯರನ್ನೇ ಕೇಳಿದೆ. ಹೌದು, ಸೂರಿಲ್ಲದ ಕಂಬ ತೊಲೆ ಅಂದರೆ ಬಳ್ಳಿ ಹಬ್ಬಿಸುವ ಹಂದರ, ಅದು ಕಟ್ಟಡವಲ್ಲ, ಸೂರು ಬಿತ್ತು ಅಂದರೆ ಕಟ್ಟಡ ಅಂದರು. ಆಮೇಲೆ ಹೊರಡುತ್ತ, ಬಳ್ಳಿ ಅಳೆಯೋದಕ್ಕೆ ತಾವು ಬರೋದಿಲ್ಲ ಅಂತ ಸೇರಿಸಿದರು. ಗಾಡಿ ಬಂತು. ಪಕ್ಕದ ಗೋಡೆಯಿಂದ ದೂರ ಬಿಟ್ಟು ಕಂಬ ನಿಲ್ಲಿಸಿ, ಎಂಟು ಜನ ಹಗ್ಗ ಹಾಕಿ ತೊಲೆ ಏರಿಸಿದೆವು. ನೋಡಲು ಗುಡಿಯ ಮಂಟಪದ ಹಾಗೆ. ನೆರಳು ಮಾತ್ರ ಎರಡು ಗೆರೆ.

ಇಷ್ಟರಲ್ಲಿ ನಮ್ಮಲ್ಲಿ ಎಲ್ಲರಿಗಿಂತ ಹಿರಿಯನಾದ ಟೇಲರು ಬಂದು ಒಂದು ಮಾತು ಕೇಳಿದ. ಅವನ ಮಗಳ ಮದುವೆ ಹುಣ್ಣಿಮೆಗೆ ಮುಂಚೆ ನಿಶ್ಚಯವಾಗಿತ್ತು. ಅವನದು ಬಾಡಿಗೆಯ ಒಂದು ಕೋಣೆ, ಹಿತ್ತಲೇ ಇಲ್ಲ. ನನ್ನ ಹಿತ್ತಲಲ್ಲಿ ಹಂದರ ಹಾಕಿಕೊಳ್ಳಲೇ ಅಂದ. ನನ್ನ ತಲೆಯಲ್ಲಿ ತಕ್ಷಣ ಓಡಿದ್ದು ಏನು ಅಂತ ನಿಮಗೆ ಗೊತ್ತಾಗಿರಬೇಕು. ಮದುವೆಯ ಹಂದರಕ್ಕೆ ಕಮಿಟಿ ಬೇಕಿಲ್ಲ, ಓವರ್ಸಿಯರೇ ರುಜು ಹಾಕುತ್ತಾರೆ.

ಹಾಕಿದರು, ಅದೇ ದಿನ. ಅಪ್ಪಣೆ ಹಿರಿಯನ ಹೆಸರಿನಲ್ಲಿ. ಹಸಿ ಸೊಪ್ಪು, ಹಸಿ ಗರಿ ಮಾತ್ರ ಹೊದಿಸಬೇಕು, ಅಡುಗೆಯ ಒಲೆ ಹಂದರದಿಂದ ಆಚೆ ಇರಬೇಕು, ಮದುವೆಯ ಹಾಲಗಂಬ ಕಿತ್ತ ದಿನವೇ ಹೊದಿಕೆ ಇಳಿಸಬೇಕು. ಹುಡುಗಿಯ ಸೋದರಮಾವ ಸಿರುಗುಪ್ಪದವನು. ಹಂದರದ ಹಸಿರು ತರೋದು ಅವನ ಹಕ್ಕು. ಹೊಳೆ ದಂಡೆಯಿಂದ ತೆಂಗಿನ ಗರಿ, ಬಾಳೆ, ಮಾವಿನ ಕೊಂಬೆ ಗಾಡಿ ತುಂಬ ತಂದು ಕಲ್ಲಿನ ತೊಲೆ ಮೇಲೆ ಹೊದಿಸಿದ. ಮೂಲೆಯಲ್ಲಿ ಗುಂಡಿ ತೋಡಿ, ಹಾಲೆರೆದು, ಹಾಲಗಂಬ ನೆಟ್ಟ. ಅರಿಶಿನ ಬಳಿದ ಆ ಕಂಬ ನಿಂತ ಮೇಲೆ ಮದುವೆ ಮುಗಿದು ಶಾಸ್ತ್ರ ಆಗುವ ತನಕ ಅದನ್ನು ಯಾರೂ ಅಲುಗಿಸುವಂತಿಲ್ಲ. ಹಂದರ ಆ ಹುಡುಗಿಯದು.

ನಾನು ಅದರ ಕೆಳಗೆ ಆರೂ ಮಿಷನ್ನು ಹಾಕಿಸಿದೆ. ತಂಪು, ಬೆಳಕು ಎರಡೂ. ಆ ಒಂದು ದಿನ ಆದಷ್ಟು ಕೆಲಸ ಹಿಂದಿನ ವಾರವೆಲ್ಲ ಆಗಿರಲಿಲ್ಲ. ಅಂತೂ ಗೆದ್ದೆ ಅಂದುಕೊಂಡೆ.

ಮರುದಿನ ಬೆಳಿಗ್ಗೆ ಹಿರಿಯನ ಹೆಂಡತಿ ಹಾಲಗಂಬಕ್ಕೆ ಅರಿಶಿನ ಕುಂಕುಮ ಹಚ್ಚಲು ಬಂದಳು. ನಾವೆಲ್ಲ ಅವಳನ್ನು ಅಕ್ಕ ಅಂತಲೇ ಕರೆಯೋದು. ತಟ್ಟೆ ಹಿಡಿದು ಹಂದರದ ಬಾಗಿಲಲ್ಲೇ ನಿಂತಳು. ಕಂಬದ ಬುಡಕ್ಕೆ ಒರಗಿಸಿ ಖಾಕಿ ಅಂಗಿಗಳ ಕಟ್ಟು ಇಟ್ಟಿದ್ದೆವು. ಒಂದು ಅಂಗಿ ತೆಗೆದು ನೋಡಿದಳು. ಒಂದೊಂದಾಗಿ ಮಿಷನ್ನುಗಳು ತಾವಾಗಿಯೇ ನಿಂತವು.

“ಮಾಸ್ಟ್ರೇ, ಇದನ್ನ ಹಾಕ್ಕೊಂಡು ಹೋದೋರು ಎಷ್ಟು ಮಂದಿ ತಿರುಗಿ ಬರ್ತಾರ?” ಅಂದಳು.

ನನಗೆ ಗೊತ್ತಿಲ್ಲಕ್ಕ ಅಂದೆ.

“ನನಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ನನ್ ಮಗಳ ಹಾಲಗಂಬದ ಬುಡಕ ಹೊಲೀಬ್ಯಾಡ್ರಿ.”

ಗಂಡ ನಡುವೆ ಬಂದ. ಮಗಳ ಮದುವೆ ಸೀರೆ ಬಂದಿದ್ದೂ ಇದೇ ಖಾಕಿಯ ಕೂಲಿಯಿಂದ ಅಂತ ಮೆಲ್ಲಗೆ ಹೇಳಿದ. ಸೀರೆ ಬೇಡ ಅಂದರೆ ಬಿಡುತ್ತೇನೆ, ಹಂದರ ಬಿಡುವುದಿಲ್ಲ ಅಂದಳು. ನನಗೂ ತಡೆಯಲಿಲ್ಲ. ಬಿಸಿಲಲ್ಲಿ ಕೂತರೆ ಇವರು ಬೀಳುತ್ತಾರೆ, ಒಳಗೆ ಕೂತರೆ ಹೊಲಿಗೆ ಕಾಣುವುದಿಲ್ಲ, ಇನ್ನು ಎಲ್ಲಿ ಸಾಯಬೇಕು ನಾವು ಅಂತ ಜೋರಾಗಿಯೇ ಕೇಳಿದೆ.

“ಮಾಳಿಗಿ ಮ್ಯಾಲೆ ಅಷ್ಟು ಅರಿವಿ ಒಣಗಾಕ್ತೀರಲ್ಲ, ಅದರ ನೆಳ್ಳಾಗ ಕುಂತು ಹೊಲೀರಿ” ಅಂದು ಅಂಗಿಯನ್ನು ಮಡಿಸಿ, ಕಟ್ಟಿನ ಮೇಲಿಟ್ಟಳು. ಆಮೇಲೆ ಕಂಬದ ಹತ್ತಿರ ಹೋಗಿ ತನ್ನ ಪಾಡಿಗೆ ಅರಿಶಿನ ಹಚ್ಚತೊಡಗಿದಳು.

ಹಿತ್ತಲು ನನ್ನದು, ಕಲ್ಲುಗಂಬ ನನ್ನವು. ವಾದಿಸಿದ್ದರೆ ಹಿರಿಯ ನನ್ನ ಪರವೇ ನಿಲ್ಲುತ್ತಿದ್ದ, ಅವನಿಗೆ ಬೇರೆ ದಾರಿಯಿರಲಿಲ್ಲ. ಆದರೆ ಹಂದರ ಆ ಹುಡುಗಿಯದು. ಮಿಷನ್ನು ಒಳಗೆ ಇಡಿ ಅಂದೆ. ಮುಖ ಗಂಟಿಕ್ಕಿಕೊಂಡೇ ಎತ್ತಿದರು. ಒಬ್ಬನಂತೂ ಎತ್ತುವಾಗ ಬೇಕಂತಲೇ ಮಿಷನ್ನಿನ ಕಾಲನ್ನು ಹೊಸ್ತಿಲಿಗೆ ಬಡಿದ.

ಮದುವೆ ಮುಗಿಯುವ ತನಕ ಆ ಕತ್ತಲ ಕೋಣೆಯಲ್ಲಿ ಹೊಲಿದೆವು. ಬೆಳಕಿಂಡಿಯ ಬೆಳಕು ಗೋಡೆಯ ಮೇಲೆ ಸರಿದ ಹಾಗೆ ಸರದಿಯ ಮೇಲೆ ಒಬ್ಬೊಬ್ಬರ ಮಿಷನ್ನು ಅದರ ಕೆಳಗೆ ಸರಿಸುತ್ತಿದ್ದೆವು. ಉಳಿದವರು ಬೆರಳಲ್ಲಿ ಮುಟ್ಟಿ ನೋಡಿ ಹೊಲಿಯಬೇಕು. ಏಜೆಂಟು ಬಂದು ಗಾಜು ಹಿಡಿದ. ಒಂದು ಕಟ್ಟು ಪೂರ್ತಿ ತೆಗೆದು ಬದಿಗೆ ಎಸೆದ. ಕಂಕುಳ ಹೊಲಿಗೆ ಗೆರೆ ಬಿಟ್ಟು ಓಡಿಹೋಗಿತ್ತು, ಜೇಬು ವಾರೆಯಾಗಿತ್ತು. ಬಿಚ್ಚಿ ಮತ್ತೆ ಹೊಲಿಯಬೇಕು. ಕೂಗಾಡಲಿಲ್ಲ ಅವನು. ಸೋಮವಾರ ಲಾರಿ ಬರುತ್ತದೆ, ಅದರಲ್ಲಿ ಅಂಗಿ ಹೋಗುತ್ತದೋ ಮಿಷನ್ನು ಹೋಗುತ್ತದೋ ನೀನೇ ನೋಡಿಕೋ ಅಂದ. ಟೇಲರುಗಳು ತಲೆ ಎತ್ತದೆ ಬ್ಲೇಡು ಹಿಡಿದು ಹೊಲಿಗೆ ಬಿಚ್ಚುತ್ತಿದ್ದರು.

ಮದುವೆಯಲ್ಲಿ ನಾನು ಎಲೆ ಹಾಕಿ ಬಡಿಸಿದೆ, ನಕ್ಕೆ, ಬೀಗರನ್ನು ಉಪಚರಿಸಿದೆ. ಕಣ್ಣು ಮಾತ್ರ ಮೇಲಿನ ಹಸಿರಿನ ಮೇಲೆ. ಅಂಥ ನೆರಳು ಹೊಲಿಗೆಗೆ ಒದಗದೆ ಬಾಡಿ ಹೋಗುತ್ತಿದೆಯಲ್ಲ ಅಂತ. ಹುಡುಗಿಯ ಗಂಡನ ಮನೆಯೂ ಸಿರುಗುಪ್ಪವೇ, ಅಲ್ಲಿಗೆ ಹೋದಳು.

ಶಾಸ್ತ್ರ ಮುಗಿದ ದಿನ ಅಕ್ಕ ಹಾಲೆರೆದು ಹಾಲಗಂಬ ಕೀಳಿಸಿದಳು. ಆ ಗುಂಡಿ ಖಾಲಿ ಬಿಡಬಾರದು ಅಂತ ಮಣ್ಣು ತುಂಬಿ, ನಾಲ್ಕು ಅವರೆ ಕಾಳು ಊರಿ ನೀರು ಹಾಕಿದಳು. ಹೇಳಿ ಕಳಿಸಿದ ಹಾಗೆ ಓವರ್ಸಿಯರ್ ಬಂದು ಗರಿ ಇಳಿಸಿದ್ದನ್ನು ನೋಡಿಕೊಂಡರು. ಕಮಿಟಿಯ ಬಗ್ಗೆ ಕೇಳಿದೆ. ಈ ತಿಂಗಳು ಸಾಕಷ್ಟು ಜನ ಬಾರದೆ ಸಭೆ ನಡೆಯಲಿಲ್ಲ, ಇನ್ನು ಮುಂದಿನ ತಿಂಗಳೇ ಅಂದರು. ನನಗಿದ್ದದ್ದು ಒಂದು ವಾರಕ್ಕೂ ಕಡಿಮೆ.

ಅವರು ಹೋದ ಮೇಲೆ ಮಾಡಲು ಏನೂ ತೋಚದೆ ಮಾಳಿಗೆ ಹತ್ತಿದೆ, ಒಣಗುತ್ತಿದ್ದ ಥಾನುಗಳನ್ನು ಮಗುಚಲು. ಖಾಕಿಯನ್ನು ಹಾಗೇ ಕತ್ತರಿಸಿದರೆ ಮೊದಲ ಒಗೆತಕ್ಕೇ ಅಂಗಿ ಗೇಣು ಗಿಡ್ಡವಾಗುತ್ತದೆ. ಅದಕ್ಕೆ ನೀರಿಗೆ ಹಾಕಿ, ಗಂಜಿ ಬಿಡಿಸಿ, ಒಣಗಿಸಿಯೇ ಕತ್ತರಿ ಹಾಕಬೇಕು. ಮಾಳಿಗೆಯ ಒಂದು ಕೈಪಿಡಿ ಗೋಡೆಯಿಂದ ಇನ್ನೊಂದಕ್ಕೆ ಹಗ್ಗ ಕಟ್ಟಿ ಒದ್ದೆ ಬಟ್ಟೆ ಹರವಿದ್ದೆವು. ಪಕ್ಕದ ಮನೆಯ ಬೆಕ್ಕು ಅದರ ಕೆಳಗೆ ಕಾಲು ಚಾಚಿ ಮಲಗಿತ್ತು, ಕಾಲಿಂದ ತಳ್ಳಿದರೂ ಏಳಲಿಲ್ಲ. ಬಗ್ಗಿ ಅಲ್ಲಿ ಕೈಯಿಟ್ಟೆ. ಸುತ್ತಲೂ ಕಾದ ಹೆಂಚಿನಂಥ ಮಾಳಿಗೆ, ಅಲ್ಲಿ ಮಾತ್ರ ಬಾವಿಕಟ್ಟೆಯ ತಂಪು.

ಒಣಹಾಕಿದ ಅರಿವೆಯ ನೆರಳಲ್ಲಿ ಕೂತು ಹೊಲಿಯಿರಿ ಅಂತ ಅಕ್ಕ ಬೈದದ್ದು ಆಗ ನೆನಪಾಯಿತು.

ಮೊದಲ ಪ್ರಯತ್ನ ಕೆಟ್ಟಿತು. ಹಿಂಡಿದ ಥಾನುಗಳನ್ನು ನೇರ ಕಲ್ಲಿನ ತೊಲೆಗಳ ಮೇಲೆ ಹರವಿ ಕೆಳಗೆ ಮಿಷನ್ನು ಹಾಕಿದೆವು. ನೀರು ತೊಟ್ಟಿಕ್ಕಿ ಮಿಷನ್ನಿನ ಸೂಜಿ ಪಟ್ಟಿಗೆ ತುಕ್ಕು ಹತ್ತಿತು, ಒಂದು ಬಿಳಿ ಜೇಬಿನ ಬಟ್ಟೆಗೆ ಖಾಕಿ ನೀರು ಬಿತ್ತು. ಎಳೆದು ಕಟ್ಟಿದರೆ ಬಟ್ಟೆ ಓರೆಯಾಗಿ ಹಿಗ್ಗಿತು. ಮಧ್ಯಾಹ್ನದ ಗಾಳಿ ಒಂದನ್ನು ಎತ್ತಿ ಬಾವಿಗೆ ಹಾಕಿತು. ಟೇಲರುಗಳು ನನ್ನ ಮುಖ ನೋಡಿದರು.

ಮರುದಿನ ಬೇರೆ ರೀತಿ ಮಾಡಿದೆವು. ಹಿಂಡಿದ ಥಾನು ಮೊದಲು ಮಾಳಿಗೆಯ ಮೇಲೆ, ತೊಟ್ಟಿಕ್ಕೋದು ನಿಲ್ಲುವ ತನಕ. ಆಮೇಲೆ ತೊಲೆಯಿಂದ ತೊಲೆಗೆ ಸಡಿಲವಾಗಿ ಹರವಿ, ಅಂಚಿಗೆ ಬಿದಿರು ಸುತ್ತಿ ಇಳಿಬಿಡೋದು, ಗಂಟು ಎಲ್ಲೂ ಇಲ್ಲ. ಒಣಗಿದ ಕೂಡಲೇ ಅದನ್ನು ಇಳಿಸಿ ಕತ್ತರಿಗೆ, ಇನ್ನೊಂದು ಒದ್ದೆಯದು ಮೇಲಕ್ಕೆ. ಒಂದು ಕಟ್ಟಳೆ ನಾನೇ ಹಾಕಿದೆ. ನಮ್ಮ ತಲೆಯ ಮೇಲೆ ಒಣಗಿದ ಬಟ್ಟೆ ಒಂದು ಗಳಿಗೆಯೂ ಇರಬಾರದು. ಒಣಗಿದರೆ ಅದು ಸೂರು. ಒದ್ದೆಯಿದ್ದರೆ ಒಣಹಾಕಿದ ಬಟ್ಟೆ.

ಕೈ ಸಾಲುತ್ತಿರಲಿಲ್ಲ. ಅಂಗಿಗೆ ಗುಂಡಿ ಹಚ್ಚಲು ಜನ ಬೇಕಿತ್ತು. ಯಾರೂ ಕರೆಯದೆ ಅಕ್ಕ ಸೂಜಿ ತಂದು ಕಂಬಕ್ಕೆ ಒರಗಿ ಕೂತಳು. ಖಾಕಿ ಅಂಗಿ ಮಡಿಲಿಗೆ ಹಾಕಿಕೊಂಡಳು. ನಾನು ನೋಡುತ್ತಿದ್ದುದನ್ನು ಕಂಡು, ಅವತ್ತು ತನ್ನ ಮಾತಿಗೆ ನಾನು ಹಂದರ ಬಿಟ್ಟೆನಲ್ಲ ಅಂತಷ್ಟೇ ಅಂದಳು.

ಶುಕ್ರವಾರ ಮಧ್ಯಾಹ್ನ ಓವರ್ಸಿಯರ್ ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ಯಾರೋ ಹೇಳಿರಬೇಕು. ಕತ್ತೆತ್ತಿ ಈ ಕೊನೆಯಿಂದ ಆ ಕೊನೆಗೆ ನೋಡಿದರು. ಇಳಿಸು ಅಂದರೆ ಇಳಿಸಲೇಬೇಕು, ಇಳಿಸಿದರೆ ಸೋಮವಾರ ಮಿಷನ್ನು ಲಾರಿ ಹತ್ತುತ್ತವೆ.

“ಏನಯ್ಯಾ ಇದು?” ಅಂದರು.

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ದಾರ ಹಲ್ಲಿನಲ್ಲಿ ಕಡಿದು ಹೇಳಿದಳು: “ಒಗದ ಅರಿವಿ ಒಣಗಾಕೀವ್ರಿ ಸಾಹೇಬ್ರ. ಅದಕ್ಕೂ ಲೈಸನ್ಸ್ ಬೇಕೇನ್ರಿ?”

ಓವರ್ಸಿಯರ್ ಒಳಗೆ ಬಂದು ಕೈ ಎತ್ತಿ ಬಟ್ಟೆ ಮುಟ್ಟಿದರು. ಮುಂದೆ ನಡೆದು ಇನ್ನೊಂದನ್ನು ಮುಟ್ಟಿದರು. ಹೀಗೆ ಒಂದನ್ನೂ ಬಿಡದೆ ಮುಟ್ಟಿದರು. ಕೊನೆಯದರ ಹತ್ತಿರ ಕೈ ಇಟ್ಟುಕೊಂಡೇ ನಿಂತರು. ಅದು ಬಿಸಿಲಿನ ಕಡೆಯದು, ಎಲ್ಲಕ್ಕಿಂತ ಮೊದಲು ಒಣಗುವುದು. ಅಂಗೈ ತಿರುಗಿಸಿ ನೋಡಿಕೊಂಡು ಅಂಗಿಗೆ ಒರೆಸಿದರು. ತೇವವಿತ್ತು.

ಒಣಗಿದ ಮೇಲೆ ಅಂತ ಕೇಳಿದರು. ತೆಗೆಯುತ್ತೇವೆ ಅಂದೆ. ಸಂಜೆಗೆ ಅಂತ ಕೇಳಿದರು. ಒಂದೂ ಇರುವುದಿಲ್ಲ ಅಂದೆ.

“ನೋಡಾಕ ಬರ್ತೀನಿ” ಅಂದು ಹೋದರು.

ಹೊತ್ತು ಮುಳುಗುವ ಮುಂಚೆ ನಿಜವಾಗಿಯೂ ಬಂದರು. ಬರೀ ಕಲ್ಲು, ಮೇಲೆ ಆಕಾಶ. ಮೂಲೆಯ ಕಲ್ಲುಗಂಬದ ಬುಡದಲ್ಲಿ, ನಾವು ಹಿಂಡಿ ಸುರಿದ ಗಂಜಿ ನೀರು ಕುಡಿದು ಅವರೆ ಮೊಳಕೆ ಮಣ್ಣು ಸೀಳಿ ತಲೆಯೆತ್ತಿತ್ತು. ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಸ್ವಲ್ಪ ಹೊತ್ತು ನೋಡಿದರು. ಜೇಬಿನ ಟೇಪು ಹೊರಗೆ ಬರಲಿಲ್ಲ. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಲಾರಿ ಬಂದಾಗ ಕೊನೆಯ ಕಟ್ಟಿಗೆ ಹಿರಿಯ ಇನ್ನೂ ಹುರಿ ಬಿಗಿಯುತ್ತಿದ್ದ. ಏಜೆಂಟು ಗಾಜು ಹಿಡಿದು ಅಲ್ಲೊಂದು ಇಲ್ಲೊಂದು ಎಳೆದು ನೋಡಿದ. ಮೂರು ಅಂಗಿ ತೆಗೆದಿಟ್ಟ. ಉಳಿದದ್ದು ಏರಿಸಿ ಅಂದ. ಲಾರಿ ಹೋದ ಮೇಲೆ ನಾವು ಆರೂ ಮಿಷನ್ನಿಗೆ ಎಣ್ಣೆ ಹಾಕಿ, ಮುಚ್ಚಿಟ್ಟು, ಮಲಗಿಬಿಟ್ಟೆವು.

ಕಮಿಟಿಯ ಕಾಗದ ಬಂದದ್ದು ಮಳೆಗಾಲ ಕಳೆದ ಮೇಲೆ. ಕಲ್ಲು ಚಪ್ಪಡಿ ಹೊದಿಸಬಹುದು, ಮಳೆನೀರು ಗಟಾರಕ್ಕೆ ಬಿಡಬೇಕು. ಅಷ್ಟರಲ್ಲಿ ಅವರೆ ಬಳ್ಳಿ ಕಂಬ ಹತ್ತಿ, ತೊಲೆಗೆ ಹಬ್ಬಿ, ಅರ್ಧ ಹಿತ್ತಲು ಮುಚ್ಚಿತ್ತು. ಚಪ್ಪಡಿ ಕೂರಿಸಬೇಕಾದರೆ ಅದನ್ನು ಕೀಳಬೇಕು. ಅಕ್ಕನನ್ನು ಕೇಳಿದೆ.

“ಮಗಳು ತೌರಿಗೆ ಬಂದು ಕಾಯಿ ಹರ್ಕೊಂಡು ಹೋಗ್ಲಿ, ಆಮ್ಯಾಲೆ ನೋಡೂಣು” ಅಂದಳು.

ಮಗಳು ಬಂದಳು, ಸೆರಗು ತುಂಬ ಕಾಯಿ ಬಿಡಿಸಿಕೊಂಡು ಸಿರುಗುಪ್ಪಕ್ಕೆ ಹೋದಳು. ಹೋಗುವಾಗ ನಾಲ್ಕು ಕಾಳು ಅದೇ ಜಾಗದಲ್ಲಿ ಊರಿ ಹೋದಳು. ವರ್ಷ ವರ್ಷವೂ ಹಾಗೇ ಮಾಡುತ್ತಾಳೆ, ಈಗ ಕಂಕುಳಲ್ಲಿ ಒಂದು ಕೂಸು ಬೇರೆ. ಕುರುಗೋಡಿನ ಕಲ್ಲಿನವನು ಸಿಕ್ಕಾಗಲೆಲ್ಲ ಚಪ್ಪಡಿಗಳನ್ನು ಯಾವಾಗ ಒಯ್ಯುತ್ತೀರಿ ಅಂತ ಕೇಳುತ್ತಾನೆ. ಇನ್ನೂ ಅಲ್ಲೇ ಇವೆ.